ಅಂಗಡಿಯ ಇಲಿ

ಅಂಚು ಒಡೆದ ಒಂದು ಪಿಂಗಾಣಿ ಬಸಿ ನನ್ನ ಹತ್ತಿರ ಇನ್ನೂ ಇದೆ. ಅದರಲ್ಲಿ ಚಹಾ ಕುಡಿದದ್ದಕ್ಕಿಂತ ಅಂಚೆಚೀಟಿ ನೆನೆಸಿದ್ದೇ ಹೆಚ್ಚು. ಲಕೋಟೆಯ ತುಂಡಿನ ಸಮೇತ ಚೀಟಿಯನ್ನು ನೀರಿನಲ್ಲಿ ಬಿಟ್ಟು, ಅಂಟು ಸಡಿಲಾಗಿ ಕಾಗದ ಒಂದು ಕಡೆ, ಚೀಟಿ ಒಂದು ಕಡೆ ತೇಲುವ ಗಳಿಗೆಗಾಗಿ ಉಸಿರು ಹಿಡಿದು ಕೂತವರಿಗೆ ಮಾತ್ರ ಆ ಹುಚ್ಚು ಅರ್ಥವಾದೀತು.

ಎಂಬತ್ತರ ದಶಕದ ಕೊನೆಗೆ ನಾನು ಸಿಂಧನೂರಿನ ಒಂದು ಗೊಬ್ಬರದ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ಹಳೆಯ ಕಾಲದ ಚೀಟಿಗಳನ್ನು ಅನುಕೂಲಸ್ಥರು ಕೊಂಡಾರು. ನಿತ್ಯದ ಟಪಾಲಿನಲ್ಲಿ ಬರುವ ಈಗಿನ ಚೀಟಿಗಳನ್ನು ಕೂಡಿಸುವುದೇ ಕಷ್ಟ ಎಂದರೆ ನೀವು ನಗುತ್ತೀರಿ. ಆದರೆ ಕಾರ್ಡು, ಇನ್‌ಲ್ಯಾಂಡುಗಳ ಮೇಲೆ ಚೀಟಿ ಅಚ್ಚಾಗಿಯೇ ಬರುತ್ತಿತ್ತು. ಅಂಟಿಸಿದ ಲಕೋಟೆ ಬಂದರೂ ಅದೇ ಕೈಮಗ್ಗದ, ಅದೇ ಹತ್ತಿಕಾಯಿಯ ಚಿತ್ರ. ಅಪ್ಪಿತಪ್ಪಿ ಒಂದು ಚೆಂದದ್ದು ಬಂದರೆ ಅದರ ಮುಖದ ತುಂಬ ಮುದ್ರೆಯ ಮಸಿ. ಇಲ್ಲವೇ ಓದುವ ಆತುರಕ್ಕೆ ಅಂಚಿನ ಹಲ್ಲುಗಳೇ ಹರಿದಿರುತ್ತಿದ್ದವು. ಲಿಂಗಸುಗೂರಿನಲ್ಲಿ ಇದೇ ಹುಚ್ಚಿನ ಗೆಳೆಯನೊಬ್ಬನಿದ್ದ. ಇಬ್ಬರಿಗೂ ನಡುವಿನ ಊರೆಂದು ಭಾನುವಾರ ಮಸ್ಕಿಯ ಹೋಟೆಲೊಂದರಲ್ಲಿ ಕೂಡಿ ಚೀಟಿ ಅದಲುಬದಲು ಮಾಡಿಕೊಳ್ಳುತ್ತಿದ್ದೆವು. ಯಾವಾಗಲೂ ಅವನದೇ ಮೇಲುಗೈ. ಅದು ನನ್ನನ್ನು ವಾರವಿಡೀ ಕುಟುಕುತ್ತಿತ್ತು.

ಸುತ್ತಲ ಹಳ್ಳಿಯವರ ಕಾಗದಗಳು ನಮ್ಮ ಅಂಗಡಿಯ ವಿಳಾಸಕ್ಕೆ ಬರುತ್ತಿದ್ದವು. ಸಂತೆಗೆ ಬಂದವರು ನನ್ನಿಂದಲೇ ಓದಿಸಿಕೊಂಡು, ಖಾಲಿ ಲಕೋಟೆಯನ್ನು ನನಗೇ ಬಿಟ್ಟು ಹೋಗುವರು. ವಳಕಮದಿನ್ನಿಯ ನೀಲಮ್ಮ ಮಾತ್ರ ಬಿಡುತ್ತಿರಲಿಲ್ಲ. ಅವಳ ಗಂಡ ಪುಣೆಯಲ್ಲಿ ಕಟ್ಟಡದ ಕೆಲಸಕ್ಕಿದ್ದ. “ಅದೊಂದು ಕೇಳಬ್ಯಾಡ್ರಿ ಕಾಕಾ, ಅದರ ಮ್ಯಾಲ ಅವರ ಕೈ ಆಡೈತಿ” ಎಂದು ಲಕೋಟೆಯನ್ನು ಸೆರಗಿಗೆ ಕಟ್ಟಿಕೊಂಡು ನಡೆದುಬಿಡುತ್ತಿದ್ದಳು.

ಒಂದು ಶನಿವಾರ ನೀಲಮ್ಮನ ಗಂಡನ ಕಾಗದ ಬಂತು. ಮೂಲೆಯಲ್ಲಿ ಹಳೆಯ ರೈಲು ಎಂಜಿನ್ನಿನ ಚಿತ್ರದ ಚೀಟಿ. ಮುದ್ರೆ ಒಂದು ತುದಿಗೆ ತೆಳ್ಳಗೆ ತಾಗಿತ್ತು, ಅಷ್ಟೆ. ವಳಕಮದಿನ್ನಿಯ ಟ್ರ್ಯಾಕ್ಟರು ಗೊಬ್ಬರ ಹೇರಿಕೊಂಡು ಹೊರಡಲು ನಿಂತಿತ್ತು. ಮರುದಿನ ಮಸ್ಕಿ. ಒಳಗಿನ ಹಾಳೆಯನ್ನು ಕೆಳಕ್ಕೆ ಜಾಡಿಸಿ, ಲಕೋಟೆಯ ಮೂಲೆಯನ್ನು ಕತ್ತರಿಸಿಕೊಂಡು, ಉಳಿದದ್ದನ್ನು ಡ್ರೈವರನ ಕೈಗೆ ಕೊಟ್ಟೆ.

ಸ್ವಲ್ಪ ಹೊತ್ತಿಗೆ ಬಸಿಯಲ್ಲಿ ಚೀಟಿ ಬಿಟ್ಟುಕೊಂಡಿತು. ಮೂಲೆಯ ಕಾಗದದ ತುಂಡು ಬೇರೆಯಾಗಿ ತೇಲಿತು. ಅದನ್ನು ಕಂಡಾಗಲೇ ನನಗೆ ನೆನಪಾದದ್ದು. ಸಾವಿನ ಸುದ್ದಿಯ ಕಾಗದವನ್ನು ನಮ್ಮ ಕಡೆ ಮೂಲೆ ಹರಿದು ಕಳಿಸುತ್ತಿದ್ದರು. ಅಕ್ಷರ ಬಾರದವರಿಗೂ ಅಷ್ಟು ಓದಲು ಬರುತ್ತಿತ್ತು. ಮೂಲೆಯೆಂದರೆ ಚೀಟಿಯ ಜಾಗವೆಂದಷ್ಟೇ ನೋಡಿ ನೋಡಿ ನನ್ನ ಕಣ್ಣು ಅದನ್ನು ಮರೆತಿತ್ತು.

ಮಾಲಕರ ಸೈಕಲ್ಲು ತೆಗೆದುಕೊಂಡು ಕಾಲುವೆ ದಂಡೆ ಹಿಡಿದೆ. ಗದ್ದೆಯಲ್ಲಿ ನಾಟಿಯ ಹೆಂಗಸರು ಹಾಡುತ್ತಿದ್ದರೂ ಅತ್ತಂತೆ ಕೇಳಿಸುತ್ತಿತ್ತು. ನೀಲಮ್ಮನ ಮನೆಯ ಮುಂದೆ ಜನ ಕೂಡಿದ್ದರು. ಅಂಥ ಕಾಗದವನ್ನು ಹೊಸ್ತಿಲು ದಾಟಿಸಬಾರದೆಂದು ಒಡೆಯದ ಲಕೋಟೆಯನ್ನು ಹೊರಗೆ ಕಟ್ಟೆಯ ಮೇಲಿಟ್ಟು, ಹಾರದಂತೆ ಕಲ್ಲು ಹೇರಿದ್ದರು. ಓದುವವರನ್ನು ಕರೆಯಲು ಯಾರೋ ಹೋಗಿದ್ದರಂತೆ. ಅತ್ತೆ ನೆಲಕ್ಕೆ ಬಿದ್ದು ಹೊರಳುತ್ತಿದ್ದಳು. ನೆರೆಯ ಮುದುಕಿಯೊಬ್ಬಳು ನೀಲಮ್ಮನ ಬಳೆಗೆ ಕೈ ಹಾಕಲು ನೋಡುತ್ತಿದ್ದಳು. ನೀಲಮ್ಮ ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಅವುಚಿಕೊಂಡು, ಅಳದೆ, ಒಂದೇ ಮಾತು ಹೇಳುತ್ತಿದ್ದಳು:

“ಮೊದಲ ಓದಿಸ್ರಿ. ಓದಿಸಿದ ಮ್ಯಾಲ ಒಡೀರಿ.”

ಕಲ್ಲು ಸರಿಸಿ, ಲಕೋಟೆ ಒಡೆದು ಓದಿದೆ. ತಾನು ಆರಾಮ ಇರುವುದಾಗಿಯೂ, ಎಮ್ಮೆ ಈಯಿತೋ ಇಲ್ಲವೋ ತಿಳಿಸಬೇಕೆಂದೂ ಅವನು ಬರೆದಿದ್ದ. ಎಮ್ಮೆಯ ಮಾತು ಬಂದಾಗ ಆ ಮುದುಕಿಯೇ ಮೊದಲು ನಕ್ಕಳು. ಅತ್ತೆ ಎದ್ದು ಕೂತು, ಈ ಮೂಲೆಗೇನಾಗಿತ್ತು ಎಂದು ಕೇಳಿದಳು.

“ಅಂಗಡ್ಯಾಗ ಇಲಿ ಕಾಟ ಭಾಳ ಐತಿ” ಎಂದೆ.

ನೀಲಮ್ಮ ಕಂಕುಳಿಂದ ಕೈ ತೆಗೆದಳು. ಬಳೆಗಳ ಗುರುತು ತೋಳಿನಲ್ಲಿ ಕೆಂಪಗೆ ಮೂಡಿತ್ತು. ಲಕೋಟೆ ಇಸಿದುಕೊಂಡು, ಕತ್ತರಿಸಿದ ಅಂಚಿನ ಮೇಲೆ ಬೆರಳೆಳೆದು ನೋಡಿದಳು.

ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ: ಮರುದಿನ ನಾನು ಮಸ್ಕಿಗೆ ಹೋದೆ. ಆ ಎಂಜಿನ್ನನ್ನೂ ಒಯ್ದೆ. ಗೆಳೆಯ ಬೆಳಕಿಗೆ ಹಿಡಿದು ಹೊಗಳಿದಾಗ ಹಿಗ್ಗಿದೆ ಕೂಡ. ಬಳಸಿದ ಚೀಟಿಗೆ ಬೆಲೆ ಬರುವುದು ಅದು ಯಾರದೋ ಮಾತನ್ನು ಹೊತ್ತು ಬಂದಿದೆಯೆಂಬ ಕಾರಣಕ್ಕೆ. ಆ ಮಾತನ್ನೇ ತೊಳೆದು ಚೆಲ್ಲಿ ಚೀಟಿಯನ್ನು ಉಳಿಸಿಕೊಳ್ಳುವ ಕೆಲಸವನ್ನು ನಾನು ಅಷ್ಟು ವರ್ಷ ಹವ್ಯಾಸವೆಂದು ಕರೆದುಕೊಂಡಿದ್ದೆ.

ಕೆಲವು ತಿಂಗಳ ಮೇಲೆ, ಅಂಗಡಿಯಲ್ಲಿ ಗಿರಾಕಿಗಳ ಎದುರಿಗೇ, ನೀಲಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಖಾಲಿ ಲಕೋಟೆಯನ್ನು ಮೇಜಿನ ಮೇಲಿಟ್ಟಳು. ಮೂಲೆಯಲ್ಲಿ ಚೀಟಿ ಇಡಿಯಾಗಿತ್ತು.

“ತಗೋರಿ ಕಾಕಾ, ನಿಮ್ಮ ಇಲಿಗಿ. ಪಾಪ, ಹಸಿದಿರತೈತಿ.”

ಸುತ್ತಲಿನವರು ಯಾವುದೋ ಚೇಷ್ಟೆಯೆಂದು ನಕ್ಕರು. ಅವಳು ನಗಲಿಲ್ಲ. ನಾನು ತಲೆ ಎತ್ತಲಿಲ್ಲ.

ಆ ಲಕೋಟೆ ನನ್ನ ಆಲ್ಬಮ್ಮಿನ ಪುಟಕ್ಕಿಂತ ದೊಡ್ಡದು. ಯಾವ ಹಾಳೆಯಲ್ಲಿಟ್ಟರೂ ಒಂದು ಮೂಲೆ ಹೊರಗೆ ಚಾಚುತ್ತದೆ. ಕತ್ತರಿಸಿಲ್ಲ, ನೆನೆಸಿಲ್ಲ. ಬಸಿಯಲ್ಲಿ ಈಗ ಗುಬ್ಬಿಗಳಿಗೆ ನೀರಿಡುತ್ತೇನೆ. ಅದರಲ್ಲಿ ಆ ಮೂಲೆಯ ತುಂಡಿನಂತೆ ಒಂದು ಎಲೆ ಬಿದ್ದು ತೇಲಿದರೂ ತೆಗೆಯಲು ಕೈ ಹಿಂಜರಿಯುತ್ತದೆ.