ಎಲ್ಲಿ ನಿಂತು ಅಳೆದಿರಿ?

ಭತ್ತದ ಗದ್ದೆಯಲ್ಲಿ ನಿಂತ ನೀರಿನಡಿಯ ಕೆಸರು ಉಸಿರು ಬಿಡುತ್ತದೆ, ಆ ಉಸಿರಿನ ಮೀಥೇನ್ ಅನಿಲ ಭೂಮಿಯ ಕಾವನ್ನು ಏರಿಸುತ್ತದೆ ಎಂಬುದು ಇಂದು ಶಾಲೆಯ ಮಕ್ಕಳಿಗೂ ಗೊತ್ತು. ಅದನ್ನು ಅಳೆಯುವವರು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ, ಬೇಸಾಯದ ಪದ್ಧತಿ ಬದಲಿಸಿದರೆ ಆ ಅನಿಲ ತಗ್ಗೀತೇ ಎಂಬ ಪ್ರಶ್ನೆಯ ಬೆನ್ನು ಹತ್ತಿ ಮೂವತ್ತೊಂದು ವರ್ಷ ಕೆಸರಿನಲ್ಲೇ ಸವೆಸಿದವರು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಸಂಶೋಧನಾ ಕೇಂದ್ರದ ಹಿರಿಯ ವಿಜ್ಞಾನಿ. ಎಲ್ಲರ ಬಾಯಲ್ಲೂ 'ಹಲಗೆ ಮೇಡಂ'. ಆ ಹೆಸರು ಬಂದ ಬಗೆಯನ್ನು ಹೇಳಿದರೆ ಅವರನ್ನು ಹೇಳಿದಂತೆಯೇ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರು ಎರಡು ತಾಕು ಮಾಡಿಸಿದರು. ಒಂದರಲ್ಲಿ ನಾಟಿಯಿಂದ ಕೊಯ್ಲಿನ ಹತ್ತಿರದವರೆಗೂ ನೀರು ನಿಂತಿರಬೇಕು. ಇನ್ನೊಂದರಲ್ಲಿ ಆಗಾಗ ನೀರು ಬಸಿದು, ನೆಲ ತುಸು ಒಣಗಿದ ಮೇಲೆ ಮತ್ತೆ ಹಾಯಿಸಬೇಕು. ಪೈರಿನ ಮೇಲೆ ಪಾರದರ್ಶಕ ಪೆಟ್ಟಿಗೆ ಕವುಚಿ, ಒಳಗೆ ಕೂಡಿದ ಗಾಳಿಯನ್ನು ಸಿರಿಂಜಿನಲ್ಲಿ ಎಳೆದು ಪ್ರಯೋಗಾಲಯಕ್ಕೆ ಒಯ್ಯುವುದು. ಎರಡು ವರ್ಷದ ಬೆಳೆ ಮುಗಿದಾಗ ಸಿಕ್ಕ ಫಲಿತಾಂಶಕ್ಕೆ ಅವರ ಕಣ್ಣೇ ಅರಳಿತು: ನೀರು ಬಸಿದ ತಾಕಿನಲ್ಲಿ ಮೀಥೇನ್ ಏಳರಲ್ಲಿ ಒಂದೇ ಪಾಲು! ವರದಿ ಬೆರಳಚ್ಚಾಗಿ ನಿರ್ದೇಶಕರ ಮೇಜಿಗೆ ಹೋಯಿತು. ಅದರ ಬಲದ ಮೇಲೆಯೇ ಅವರ ಹುದ್ದೆ ಕಾಯಂ ಆಗುವುದಿತ್ತು.

ಅದೇ ವಾರ, ಪೆಟ್ಟಿಗೆ ಹಿಡಿಯುತ್ತಿದ್ದ ಕೆಲಸದವಳು, ಎಲ್ಲರಿಗೂ ಅಕ್ಕ, ರಾತ್ರಿ ಶಾಲೆಯಲ್ಲಿ ಆಗಷ್ಟೇ ಅಕ್ಷರ ಕೂಡಿಸಲು ಕಲಿಯುತ್ತಿದ್ದವಳು, ಬದುವಿನ ಮೇಲೆ ಕಾಲು ತೊಳೆಯುತ್ತ ಕೇಳಿದಳು:

"ಮೇಡಂ, ನೀವು ಅಳೆಯೋದು ಗದ್ದೆ ಉಸಿರೋ, ನನ್ನ ಕಾಲಿನ ಭಾರಾನೋ?"

"ಹಾಗಂದ್ರೆ ಏನಕ್ಕಾ?"

"ನೀರಿರೋ ತಾಕಲ್ಲಿ ಕಾಲಿಟ್ಟ ಕೂಡ್ಲೇ ಗುಳುಗುಳು ಅಂತ ಗುಳ್ಳೆ ಏಳ್ತವೆ, ಪೆಟ್ಟಿಗೆಯೊಳಕ್ಕೇ. ಒಣಗಿದ ಕಡೆ ಎಷ್ಟು ಕುಣಿದ್ರೂ ಒಂದೂ ಏಳಲ್ಲ."

"ಎರಡು ವರ್ಷದಿಂದ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?"

"ನೀವು ಹೇಳಿದ್ದು ಪೆಟ್ಟಿಗೆ ಗಟ್ಟಿಯಾಗಿ ಹಿಡೀರಿ ಅಂತ. ಎಲ್ಲಿ ನಿಂತಿದೀರಿ ಅಂತ ಕೇಳ್ಲೇ ಇಲ್ವಲ್ಲ!"

ಮೇಡಂ ನಗಲಿಲ್ಲ. ತಾವೇ ನೀರಿಗಿಳಿದು ಪೆಟ್ಟಿಗೆಯ ಪಕ್ಕ ಒಂದು ಹೆಜ್ಜೆ ಊರಿದರು. ಗುಳ್ಳೆಗಳು ಎದ್ದವು. ಮತ್ತೊಂದು ಹೆಜ್ಜೆ, ಮತ್ತೆ ಎದ್ದವು. ತಪ್ಪು ಅವರ ಪರವಾಗಿಯೇ ಇತ್ತು, ಸುಮ್ಮನಿದ್ದರೆ ಕೇಳುವವರಿರಲಿಲ್ಲ. ಅಂದು ಮಧ್ಯಾಹ್ನವೇ ಅವರು ವರದಿಯನ್ನು ಹಿಂದಕ್ಕೆ ಕೇಳಿದರು.

"ಏನಮ್ಮಾ, ಇಂಥ ಫಲಿತಾಂಶಾನ ಯಾರಾದ್ರೂ ಕೆಸರಿಗೆ ಎಸೀತಾರಾ?" ಎಂದರು ನಿರ್ದೇಶಕರು.

"ಅದು ಬಂದಿದ್ದೂ ಅಲ್ಲಿಂದಾನೇ ಸರ್."

ಹುದ್ದೆ ಕಾಯಂ ಆಗುವುದು ಮೂರು ವರ್ಷ ಮುಂದಕ್ಕೆ ಹೋಯಿತು. ಬಡಗಿಯಿಂದ ಉದ್ದನೆಯ ಹಲಗೆ ಮಾಡಿಸಿ, ಬದುವಿನಿಂದ ಬದುವಿಗೆ ಹಾಸಿ, ಅದರ ಮೇಲೆ ನಿಂತು ಅವರು ಮೊದಲಿನಿಂದ ಅಳೆದರು. ಏಳರಲ್ಲೊಂದು ಎಂಬುದು ಸುಮಾರು ಅರ್ಧಕ್ಕೆ ಬಂದು ನಿಂತಿತು. ಆ ಅರ್ಧ ಮಾತ್ರ ಮುಂದೆಂದೂ ಅಲುಗಲಿಲ್ಲ. ಕೊಯ್ದ ಹುಲ್ಲನ್ನು ಹಾಗೆಯೇ ಕೆಸರಿನಲ್ಲಿ ಉತ್ತರೆ ಅನಿಲ ಹೆಚ್ಚುತ್ತದೆ, ಕೊಳೆಸಿ ಗೊಬ್ಬರ ಮಾಡಿ ಹಾಕಿದರೆ ಅಷ್ಟಾಗದು ಎಂದು ತೋರಿಸಿಕೊಟ್ಟದ್ದೂ ಆ ಹಲಗೆಯ ಮೇಲಿಂದಲೇ. ಹೊಸ ವರದಿಯಲ್ಲಿ ನೆರವಾದವರ ಪಟ್ಟಿಯ ಮೊದಲ ಹೆಸರು ಅಕ್ಕನದು. ಅವಳು ಬೆರಳಿಟ್ಟು, ಅಕ್ಷರ ಕೂಡಿಸಿ ಅದನ್ನು ಓದಿ ಮುಗಿಸುವವರೆಗೆ ಮೇಡಂ ಪುಟ ತಿರುವಲಿಲ್ಲ.

ಅಂದಿನಿಂದ ಯಾರು ಯಾವ ಅಂಕಿ ತಂದರೂ ಅವರ ಮೊದಲ ಪ್ರಶ್ನೆ ಒಂದೇ: "ಎಲ್ಲಿ ನಿಂತು ಅಳೆದ್ರಿ?"

ಅವರು ನೂರು ಕಾಲ ಆರೋಗ್ಯದಿಂದ ಬಾಳಲಿ, ಆ ಪ್ರಶ್ನೆಯನ್ನು ಇನ್ನೂ ಅನೇಕರಿಗೆ ಕೇಳುತ್ತಿರಲಿ. ಈ ಲೇಖನದ ಹೊಗಳಿಕೆ ಒಂದು ಗುಳ್ಳೆಯಷ್ಟು ಹೆಚ್ಚಾಯಿತು ಎನಿಸಿದರೆ ಇಲ್ಲಿಯೂ ಕೇಳಲಿ, ಉತ್ತರ ಸಿದ್ಧವಿದೆ. ಹಲಗೆಯ ಮೇಲೆ ನಿಂತೇ, ಮೇಡಂ.