ಮರದ ಮೇಲಿನ ಹೆಸರು

ಆ ದಿನ ಬೆಳಿಗ್ಗೆಯೂ ನಾನು ಎದ್ದವಳೇ ಹಗ್ಗವನ್ನು ಬೇಲಿಯ ಮೇಲೆ ಹರವಿ ಬಿಸಿಲಿಗೆ ಹಾಕಿದ್ದೆ. ತೆಂಗಿನ ನಾರಿನ ದಪ್ಪ ಹಗ್ಗ ಅದು; ಹುಣಸೆ, ಮಾವು, ಆಲದ ತೊಗಟೆಗಳಿಗೆ ಉಜ್ಜಿ ಉಜ್ಜಿ ನಡುವೆ ನುಣುಪಾಗಿ, ತುದಿಗಳಲ್ಲಿ ಮಾತ್ರ ಇನ್ನೂ ಒರಟಾಗಿತ್ತು. ನಮ್ಮ ಮನೆಯಲ್ಲಿ ಮಗಳ ಲಂಗಕ್ಕಿಂತ ಮೊದಲು ಬಿಸಿಲು ಕಾಣುತ್ತಿದ್ದುದು ಈ ಹಗ್ಗವೇ. ತೇವ ಉಳಿದರೆ ನಾರು ಕೊಳೆಯುತ್ತದೆ, ಕೊಳೆತದ್ದು ನೆಲದ ಮೇಲೆ ನಿಂತವರಿಗೆ ಗೊತ್ತಾಗುವುದಿಲ್ಲ ಎಂದು ನಮ್ಮ ಯಜಮಾನರು ಹೇಳುತ್ತಿದ್ದರು.

ಶಿಕಾರಿಪುರದಲ್ಲಿ ಅವರೂ ಅವರ ಗೆಳೆಯ ಬುಡನ್ ಸಾಬರೂ ಕೂಡಿ ಮರ ಸವರುವ ಕೆಲಸ ಮಾಡುತ್ತಿದ್ದರು. ಹೆಂಚಿನ ಮೇಲೆ ಬಾಗಿದ ಕೊಂಬೆ, ಕರೆಂಟಿನ ತಂತಿಗೆ ತಾಗುವ ರೆಂಬೆ, ಶಾಲೆಯ ಅಂಗಳದಲ್ಲಿ ಒಣಗಿ ನಿಂತ ಮರ, ಇಂಥವನ್ನು ಯಾರಿಗೂ ಏಟಾಗದಂತೆ ಕೆಳಗಿಳಿಸಿ ಕೊಡುವುದು. ಜೊತೆಗೆ ಇಬ್ಬರು ಆಳುಗಳು. ಇಷ್ಟು ಜನಕ್ಕೂ ಸೊಂಟದ ಹಗ್ಗ ಒಂದೇ. ಮರದ ಮೇಲೆ ಒಂದು ಹೊತ್ತಿಗೆ ಒಬ್ಬರೇ ಇರುತ್ತಾರಲ್ಲ. ಇಳಿದವರು ತಮ್ಮ ಸೊಂಟದಿಂದ ಬಿಚ್ಚಿ, ಹತ್ತುವವರ ಸೊಂಟಕ್ಕೆ ತಾವೇ ಗಂಟು ಹಾಕಿ, ಒಮ್ಮೆ ಜಗ್ಗಿ ನೋಡಿ ಬೆನ್ನು ತಟ್ಟಿ ಕಳಿಸುತ್ತಿದ್ದರು. ಬೇರೊಬ್ಬರು ಕಟ್ಟಿದ ಗಂಟನ್ನು ನಂಬಿ ಮೇಲೇರುವುದೇ ಆ ಕಸುಬಿನ ರೀತಿ.

ವಿಮೆಯನ್ನೂ ಅವರು ಹೀಗೆಯೇ ತಿಳಿದುಕೊಂಡರು. ಶಿವಮೊಗ್ಗದಿಂದ ಬಂದ ಏಜೆಂಟರು ನಮ್ಮ ಜಗಲಿಯ ಮೇಲೆ ಕೂತು, ಮರ ಹತ್ತುವವರ ಕಂತು ಅಂಗಡಿಯಲ್ಲಿ ಕೂರುವವರ ಕಂತಿಗಿಂತ ಬಹಳ ಹೆಚ್ಚೆಂದೂ, ಅದನ್ನು ಒಬ್ಬೊಬ್ಬರಿಗೂ ಬೇರೆ ಬೇರೆ ಕಟ್ಟಬೇಕೆಂದೂ ಹೇಳಿದಾಗ ಇಬ್ಬರೂ ಮುಖ ಮುಖ ನೋಡಿಕೊಂಡರು. ಎಲ್ಲರದೂ ಕಟ್ಟಿದರೆ ಮಳೆಗಾಲದಲ್ಲಿ ಎರಡೂ ಮನೆಗಳ ಒಲೆ ಹಚ್ಚುವುದೇ ಕಷ್ಟವಿತ್ತು.

"ಒಂದು ಸಾಕು ಬಿಡ್ರಿ," ಎಂದರು ನಮ್ಮವರು. "ಮ್ಯಾಲಿರೋನು ಒಬ್ನೇ ಅಲ್ವೇನ್ರಿ?"

"ಯಾರ ಹೆಸ್ರಿಗೆ ಬರೀಲಿ?"

"ಬುಡನ್ ಸಾಬ್ರುದ್ದು ಬರ್ಕೊಳ್ರಿ. ಜಾಸ್ತಿ ಹತ್ತೋರು ಅವ್ರೇ."

ಹೆಸರಿದ್ದವರಿಗೆ ಏನಾದರೂ ಆದರೆ ಮಾತ್ರ ದುಡ್ಡು ಎಂದು ಏಜೆಂಟರು ಹೇಳಿಯೇ ಹೇಳಿದರು. ಇವರಿಬ್ಬರೂ ತಲೆಯಾಡಿಸಿದರು. ಹೆಸರೂ ಹಗ್ಗದ ಹಾಗೆಯೇ, ಹತ್ತುವವನು ಕಟ್ಟಿಕೊಂಡರಾಯಿತು ಎಂದೇ ಅವರು ನಂಬಿದ್ದರು. ಒಂದೇ ಹಗ್ಗದಲ್ಲಿ ಇಷ್ಟು ವರ್ಷ ಬದುಕಿದವರಿಗೆ ಬೇರೆ ರೀತಿ ಹೇಗೆ ಹೊಳೆದೀತು, ನೀವೇ ಹೇಳಿ.

ಅಂದಿನಿಂದ ಒಂದು ತಮಾಷೆ ಶುರುವಾಯಿತು. ಯಾರೇ ಮರ ಹತ್ತಲಿ, ಮೇಲಿರುವಷ್ಟು ಹೊತ್ತು ಅವರೇ ಬುಡನ್ ಸಾಬರು. ನನಗಂತೂ ಅದು ದೊಡ್ಡ ಅನುಕೂಲವಾಯಿತು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. 'ಇಲ್ನೋಡ್ರಿ', 'ಕೇಳ್ತೇನ್ರಿ' ಎನ್ನುತ್ತಲೇ ಸಂಸಾರ ಸಾಗುತ್ತದೆ. ಮರದ ತುದಿಯಲ್ಲಿರುವ ಮನುಷ್ಯನನ್ನು 'ಇಲ್ನೋಡ್ರಿ' ಎಂದು ಕೂಗಿದರೆ ಕೆಳಗಿರುವವರೆಲ್ಲ ತಿರುಗಿ ನೋಡುತ್ತಾರೆ. ಮದುವೆಯಾದ ಇಷ್ಟು ಕಾಲಕ್ಕೆ ನನ್ನ ಗಂಡನನ್ನು ಬಾಯಿ ತುಂಬ ಕೂಗಲು ನನಗೊಂದು ಹೆಸರು ಸಿಕ್ಕಿತ್ತು.

ಆ ದಿನ ಕೆಲಸ ಊರ ಅಂಚಿನಲ್ಲಿ, ಸೊರಬದ ರಸ್ತೆಯ ಹುಣಸೆ ಮರದಲ್ಲಿತ್ತು. ನಾನು ರೊಟ್ಟಿಯ ಗಂಟು ಇಳಿಸಿ ಕತ್ತೆತ್ತಿ ಕೂಗಿದೆ: "ಬುಡನ್ ಸಾಬ್ರೇ, ಬುತ್ತಿ ಬಂತು!"

"ಓ! ಬಂದೆ ತಂಗೀ!" ಎಂದು ಎಲೆಗಳ ನಡುವಿನಿಂದ ನಮ್ಮವರು ಸಾಬರ ದನಿಯನ್ನೇ ಅಣಕಿಸಿದರು.

ಕೆಳಗೆ ಕೂತಿದ್ದ ನಿಜವಾದ ಬುಡನ್ ಸಾಬರು ಕೈ ಚಾಚಿ, "ಮ್ಯಾಲಿರೋ ಸಾಬ್ರು ಇವತ್ತು ರೋಜಾ ಉಪಾಸ ಹಿಡ್ದಾರೆ ತಂಗೀ. ಅವ್ರ ರೊಟ್ಟಿನೂ ಇಲ್ಲೇ ಹಾಕ್ರಿ," ಎಂದರು. ಮೇಲಿನಿಂದ ಒಂದು ಹಸಿ ಹುಣಸೆಕಾಯಿ ಬಂದು ಅವರ ಟೋಪಿಯ ಮೇಲೆ ಬಿತ್ತು. ನಾನು ನಕ್ಕು ನಕ್ಕು ನೀರು ಚೆಲ್ಲಿಕೊಂಡೆ.

ಮರುದಿನ ಅವರು ಸೊರಬದ ಪೇಟೆಯಲ್ಲಿ, ಒಂದು ಮನೆಯ ಹಿತ್ತಲ ಮಾವು ಸವರಲು ಬಸ್ಸು ಹತ್ತಿ ಹೋದರು. ದೂರವಾದ್ದರಿಂದ ಬುತ್ತಿಯನ್ನು ಬೆಳಿಗ್ಗೆಯೇ ಕಟ್ಟಿ ಕೊಟ್ಟಿದ್ದೆ. ಹಗ್ಗ ಹರಿಯಲಿಲ್ಲ. ಸೊಂಟದ ಗಂಟು ಸಡಿಲಲಿಲ್ಲ. ಹಗ್ಗವನ್ನು ಬಿಗಿದಿದ್ದ ಕೊಂಬೆ ಒಳಗೆ ಟೊಳ್ಳಾಗಿತ್ತು, ಅಷ್ಟೇ. ಸಂಜೆಯ ಬಸ್ಸಿಗೆ ಬರಬೇಕಾದ ನಮ್ಮವರನ್ನು ಒಂದು ಲಾರಿಯಲ್ಲಿ ಮಲಗಿಸಿ ತಂದರು.

ಕಾರ್ಯಗಳೆಲ್ಲ ಮುಗಿದ ಮೇಲೆ ಏಜೆಂಟರು ಬಂದರು. ಒಳ್ಳೆಯ ಮನುಷ್ಯ, ಅದೇ ಜಗಲಿಯ ಮೇಲೆ ಕೂರಲೂ ಆಗದೆ ನಿಂತೇ ಇದ್ದರು. ಬುಡನ್ ಸಾಬರು ಅವರ ಎರಡೂ ಕೈ ಹಿಡಿದುಕೊಂಡರು.

"ಸ್ವಾಮೀ, ಮರದ ಮ್ಯಾಲಿದ್ದೋನೇ ಬುಡನ್ ಸಾಬ. ಬೇಕಾದ್ರೆ ಓಣಿಯೋರ್ನೆಲ್ಲ ಕೇಳ್ರಿ. ಈ ಮಗೂನ್ನ ಸಾಲಿಗೆ ಕಳಿಸ್ಬೇಕು."

"ನಾನು ಏನು ಮಾಡ್ಲಿ ಸಾಬ್ರೇ? ಹೆಸ್ರು ಇರೋರು ನೀವು. ನೀವು ಎದುರಿಗೇ ನಿಂತಿದೀರಿ."

"ಹಂಗಾದ್ರೆ ನಾನೇ ಸತ್ತೆ ಅಂತ ಬರ್ಕೊಳ್ರಿ. ನಾನು ಬ್ಯಾರೆ ಊರಿಗೆ ಹೋಗಿ ಇರ್ತೀನಿ. ಅಲ್ಲೂ ಮರ ಅದಾವೆ."

ಅವರು ತಮಾಷೆ ಮಾಡುತ್ತಿರಲಿಲ್ಲ. ಮಗಳು ನನ್ನ ಸೆರಗು ಹಿಡಿದು ನಿಂತಿದ್ದಳು. ಅವಳಿಗಾಗಿ ಹೂಂ ಎನ್ನಬೇಕೆಂದು ಒಂದು ಗಳಿಗೆ ನನಗೂ ಅನ್ನಿಸಿತು. ಆಮೇಲೆ ಬಾಗಿಲ ಹಿಂದಿನಿಂದಲೇ ಹೇಳಿದೆ: "ಬ್ಯಾಡ ಬುಡನಣ್ಣ. ಹೋಗಿರೋದು ಒಬ್ರು. ನೀವಾದ್ರೂ ಇರ್ರಿ."

ನಮಗೆ ಏನೂ ಬರಲಿಲ್ಲ. ಅದಕ್ಕೆ ಯಾರನ್ನು ದೂರಲಿ? ಮನುಷ್ಯರ ನಡುವೆ ಹಂಚಿಕೊಳ್ಳಬಹುದಾದದ್ದು ಎಷ್ಟೊಂದಿದೆ, ರೊಟ್ಟಿ, ಹಗ್ಗ, ದುಡಿಮೆ, ನಗು. ಹಂಚಿಕೊಂಡು ಹಂಚಿಕೊಂಡು ಎಲ್ಲವನ್ನೂ ಹಾಗೆಯೇ ಹಂಚಿಕೊಳ್ಳಬಹುದು ಎಂಬ ಧೈರ್ಯ ಬಂದುಬಿಡುತ್ತದೆ. ಬೀಳುವಾಗ ಮಾತ್ರ ಒಬ್ಬೊಬ್ಬರೂ ತಮ್ಮ ತಮ್ಮ ಹೆಸರಿನಲ್ಲೇ ಬೀಳುತ್ತಾರೆ.

ಬುಡನ್ ಸಾಬರು ಬಹಳ ದಿನ ಮರ ಮುಟ್ಟಲಿಲ್ಲ. ಕೊನೆಗೆ ನಾನೇ ಹಗ್ಗ ಒಣಗಿಸಿ ಅವರ ಮನೆಗೆ ಕೊಟ್ಟುಬಂದೆ. ಈಗ ಹತ್ತುವ ಎಲ್ಲರ ಹೆಸರಿಗೂ ಬೇರೆ ಬೇರೆ ವಿಮೆಯಿದೆ. ನಮ್ಮವರ ಪಾಲನ್ನು ಅವರು ತಪ್ಪದೆ ನಮ್ಮ ಮನೆಗೆ ತಲುಪಿಸುತ್ತಾರೆ. ಮಗಳು ಶಾಲೆಗೆ ಹೋಗುತ್ತಾಳೆ. ಕೂಲಿ ಏರಿಸಿದ್ದರಿಂದ ಕೆಲವರು ಅಗ್ಗದವರನ್ನು ಹುಡುಕಿಕೊಂಡು ಹೋದರು. "ನಿಮ್ ವಿಮೆ ದುಡ್ಡು ನಾವ್ಯಾಕೆ ಕೊಡ್ಬೇಕು ಮಾರಾಯ್ರೆ?" ಎಂದು ಸೊರಬದವರೊಬ್ಬರು ಕೇಳಿದರಂತೆ. "ಮರ ನಿಮ್ದು, ಹತ್ತೋರು ನಮ್ಮೋರು ಅಲ್ವೇನ್ರಿ," ಎಂದರಂತೆ ಸಾಬರು.

ಹಗ್ಗ ಈಗಲೂ ಸಂಜೆಗೆ ನಮ್ಮ ಮನೆಗೇ ಬರುತ್ತದೆ, ಬೆಳಿಗ್ಗೆ ನಮ್ಮ ಬೇಲಿಯ ಮೇಲೆಯೇ ಒಣಗುತ್ತದೆ. ಬುತ್ತಿಯನ್ನೂ ನಾನೇ ಒಯ್ಯುತ್ತೇನೆ. ಮೊನ್ನೆ ಮರದ ಕೆಳಗೆ ನಿಂತು, ಅಭ್ಯಾಸದಿಂದ, "ಬುಡನ್ ಸಾಬ್ರೇ, ಬುತ್ತಿ ಬಂತು!" ಎಂದು ಕೂಗಿದೆ. "ಓ, ಬಂದೆ ತಂಗೀ," ಎಂದು ಮೇಲಿನಿಂದ ದನಿ ಬಂತು. ಅದು ಬುಡನ್ ಸಾಬರದೇ ದನಿ, ಅವರದೇ ಹೆಸರು.

ನನ್ನ ಗಂಡನನ್ನು ಕೂಗಲು ನನ್ನ ಹತ್ತಿರ ಈಗ ಹೆಸರಿಲ್ಲ.