ಅತ್ತೆ ಬರೆ ಬೇಡವೆಂದ ಮಧ್ಯಾಹ್ನ

ಮಗಳಿಗೆ ಆಗ ಒಂದೂವರೆ ವರ್ಷ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ತುರುವೇಕೆರೆ ಕಡೆಯವಳಾದ ನಾನು ಮದುವೆಯಾಗಿ ಹಂದನಕೆರೆ ಹತ್ತಿರದ ಹಳ್ಳಿಗೆ ಬಂದಿದ್ದೆ. ಮನೆಯಲ್ಲಿ ನಾವು ಗಂಡ ಹೆಂಡತಿ, ಮಗು, ಅತ್ತೆ, ಅಷ್ಟೇ ಜನ. ಅತ್ತೆಯದು ಮಾತು ಕಮ್ಮಿ. ನನ್ನೊಂದಿಗಂತೂ ಇನ್ನೂ ಕಮ್ಮಿ. ಮಗು ಹುಟ್ಟಿದ ಮೇಲೆ ನನಗೆ ಹೇಳಬೇಕಾದದ್ದನ್ನೆಲ್ಲ ಅದರ ಕಿವಿಗೆ ಹೇಳುತ್ತಿದ್ದರು. "ನಿಮ್ಮವ್ವಂಗೆ ಹೇಳು ಕೂಸೇ, ಸಾರಿಗೆ ಉಪ್ಪು ಸಾಲ್ದು ಅಂತ." ಮಗು ನಗುತ್ತಿತ್ತು. ನಾನು ಎದ್ದು ಹೋಗಿ ಉಪ್ಪು ತರುತ್ತಿದ್ದೆ.

ಆ ಮಾಗಿಯಲ್ಲಿ ಬೀದಿಯ ಮಕ್ಕಳಿಗೆಲ್ಲ ನೆಗಡಿ. ಒಂದು ಮನೆಯಲ್ಲಿ ಕೆಮ್ಮು ನಿಂತರೆ ಪಕ್ಕದ ಮನೆಯಲ್ಲಿ ಶುರುವಾಗುತ್ತಿತ್ತು. ನಮ್ಮ ಮಗುವಿಗೂ ಮೂಗು ಸೋರುತ್ತಿತ್ತು. ಅತ್ತೆ ದೊಡ್ಡಪತ್ರೆ ಬಾಡಿಸಿ ರಸ ಹಿಂಡಿ ನಾಲಿಗೆಗೆ ನೆಕ್ಕಿಸಿದ್ದರು. ಬೆಳಿಗ್ಗೆ ಮೈ ಸ್ವಲ್ಪ ಬೆಚ್ಚಗಿತ್ತು, ಆದರೂ ಅಂಗಳದಲ್ಲಿ ಕೋಳಿ ಅಟ್ಟಿಕೊಂಡು ಆಡುತ್ತಲೇ ಇತ್ತು. ನೆಗಡಿ ಜ್ವರ, ಬರುತ್ತೆ ಹೋಗುತ್ತೆ ಅಂದುಕೊಂಡೆ. ನನ್ನ ಗಂಡ ಕೊಬ್ಬರಿ ಹೇರಿಕೊಂಡು ತಿಪಟೂರಿನ ಸಂತೆಗೆ ಹೋಗಿದ್ದರು.

ಮಧ್ಯಾಹ್ನ ಮಗುವನ್ನು ತೊಡೆ ಮೇಲೆ ಹಾಕಿಕೊಂಡು ರಾಗಿ ಗಂಜಿ ಕುಡಿಸಲು ಕೂತೆ. ಮೈ ಮುಟ್ಟಿದರೆ ಸುಡುತ್ತಿತ್ತು. ಗಂಜಿ ಬೇಡವೆಂದು ಮುಖ ತಿರುಗಿಸಿದ ಮಗು ಹಾಗೇ ಸ್ತಬ್ಧವಾಯಿತು. ನೋಟ ಮೇಲಕ್ಕೆ ಹೋಯಿತು. ಕಣ್ಣಲ್ಲಿ ಬಿಳಿ ಮಾತ್ರ. ಮೈಯೆಲ್ಲ ಕೊರಡಿನಂತೆ ಸೆಟೆಯಿತು, ಆಮೇಲೆ ಕೈಕಾಲು ಅದುರತೊಡಗಿದವು. ತುಟಿ ನೇರಳೆ ಬಣ್ಣಕ್ಕೆ ತಿರುಗಿತು. ನಾನು ಹೆಸರು ಹಿಡಿದು ಕೂಗಿದೆ, ಕೆನ್ನೆ ತಟ್ಟಿದೆ. ನನ್ನ ತೊಡೆ ಮೇಲೇ ಇದ್ದ ಮಗುವಿಗೆ ನಾನು ಕೇಳಿಸುತ್ತಿರಲಿಲ್ಲ.

ನನ್ನ ಚೀರಾಟಕ್ಕೆ ಜನ ಓಡಿ ಬಂದರು. ಯಾರೋ ಕಬ್ಬಿಣದ ಬೀಗದ ಕೈ ತಂದು ಮಗುವಿನ ಮುಷ್ಟಿಗೆ ತುರುಕಲು ನೋಡಿದರು. ಯಾರೋ ಮೂಗಿಗೆ ಹಿಡಿಯಲು ಈರುಳ್ಳಿ ಜಜ್ಜಿದರು. ಪಕ್ಕದ ಮನೆಯ ಹಿರಿಯರೊಬ್ಬರಿದ್ದರು. ಅತ್ತೆಗೆ ವರಸೆಯಲ್ಲಿ ಭಾವನಾಗಬೇಕು. ಕೇಡು ಬಯಸುವ ಮನುಷ್ಯನಲ್ಲ. ಅವರೇ ಮುಂದೆ ಬಂದು ಹೇಳಿದರು, "ಬಾಲಗ್ರಹ ಕಣವ್ವ ಇದು. ಬಳೆ ಚೂರು ಕಾಯ್ಸಿ ಹೊಟ್ಟೆ ಮೇಲೊಂದು ಬರೆ ಹಾಕ್ಬುಡಿ. ತಡ ಮಾಡಿದ್ರೆ ಕೂಸು ದಕ್ಕಾಕಿಲ್ಲ."

ಒಬ್ಬಳು ಒಲೆ ಕಡೆಗೆ ಹೋಗಿಯೂ ಆಯಿತು. ಆ ಗಳಿಗೆಯಲ್ಲಿ ಯಾರು ಏನು ಹೇಳಿದ್ದರೂ ನಾನು ತಲೆಯಾಡಿಸುತ್ತಿದ್ದೆ. ಅತ್ತೆಯೇ ಬಂದು ಹಾಕುತ್ತಾರೆ ಎಂದುಕೊಂಡೆ. ಹಳೇ ಕಾಲದವರಲ್ಲವೇ.

ಅತ್ತೆ ಹಿತ್ತಿಲಿನಿಂದ ಓಡಿ ಬಂದವರು ಒಲೆಗೂ ನನಗೂ ನಡುವೆ ನಿಂತರು. ಅಷ್ಟು ಜನ ಗಂಡಸರ ಮುಂದೆ, ತಲೆ ಮೇಲಿನ ಸೆರಗು ಎಂದೂ ಜಾರಿಸದ ಹೆಂಗಸು, ಸೆರಗು ಸರಿಸಿ ಹೊಟ್ಟೆ ತೋರಿಸಿದರು. ಹೊಕ್ಕುಳ ಸುತ್ತ ಸುಕ್ಕುಗಟ್ಟಿದ ಮೂರ್ನಾಲ್ಕು ಕಲೆ.

"ನೋಡಿ ಭಾವ. ನಂಗೂ ಹಾಕವ್ರೆ. ಬರೆ ಹಾಕಿದ್ಕೇ ಬದುಕ್ದೆ ಅಂತ ಊರೆಲ್ಲ ಅಂದ್ರು. ನನ್ ತಮ್ಮಂಗೂ ಹಾಕಿದ್ರು, ಅವನ್ಯಾಕೆ ಬದುಕ್ಲಿಲ್ಲ? ಬರೆ ಮೇಲಿನ ಕೀವು ನಾನೇ ಒರೆಸಿದ್ದೆ. ನನ್ ಮೊಮ್ಮಗಳ ಮೈಗೆ ಬೆಂಕಿ ತಾಗ್ಸಿದ್ರೆ ನೋಡಿ ಮತ್ತೆ."

ಒಲೆಯ ಹತ್ತಿರ ಹೋದವಳು ಬರಿಗೈಯಲ್ಲಿ ವಾಪಸು ಬಂದಳು. ಅಷ್ಟರಲ್ಲಿ ಮಗುವಿನ ಅದುರಾಟ ತಾನಾಗಿಯೇ ನಿಂತು, ಅದು ನನ್ನ ಕೈಯಲ್ಲಿ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತು. ಹೋಯಿತು ಅಂದುಕೊಂಡು ನಾನು ಕೂಗಿದ ಕೂಗು ತೋಟದಾಚೆಗೂ ಕೇಳಿಸಿತಂತೆ.

ತೆಂಗಿನ ಚಿಪ್ಪು ಕೊಳ್ಳಲು ಹುಳಿಯಾರಿನಿಂದ ಟೆಂಪೋ ತರುತ್ತಿದ್ದ ಮುಸ್ಲಿಂ ವ್ಯಾಪಾರಿಯೊಬ್ಬರು ಆಗ ನಮ್ಮ ಬೀದಿಯಲ್ಲೇ ಇದ್ದರು. ಅವರು ಬಗ್ಗಿ ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ನೋಡಿದರು. "ಉಸಿರು ಐತೆ ಅಮ್ಮಾ. ಚೆನ್ನಾಗೇ ಐತೆ. ಗಾಡಿ ಹತ್ತಿ." ಅತ್ತೆ ಒಲೆ ಆರಿಸಲೂ ಇಲ್ಲ, ಚಪ್ಪಲಿ ಹಾಕಲೂ ಇಲ್ಲ.

ಹುಳಿಯಾರಿನ ದಾರಿ ಆಗ ಬರೀ ಗುಂಡಿ. ಹಿಂದೆ ಅರ್ಧ ತುಂಬಿದ ಚೀಲಗಳಲ್ಲಿ ಚಿಪ್ಪುಗಳು ಗಲಗಲ ಸದ್ದು ಮಾಡುತ್ತಿದ್ದವು. ನಾನು ಬಿಕ್ಕುತ್ತಿದ್ದೆ. ಅತ್ತೆ ನನ್ನ ಕೈ ಎಳೆದು ಮಗುವಿನ ಎದೆ ಮೇಲಿಟ್ಟರು. "ಅಳಬ್ಯಾಡ ಕಣೇ. ಇಲ್ ನೋಡು, ಹೆಂಗ್ ಬಡ್ಕತೈತೆ. ನಿನ್ ಕೈ ತೆಗೀಬ್ಯಾಡ, ನಾನೂ ತೆಗ್ಯಾಕಿಲ್ಲ." ಮಗುವಿನ ಕಿವಿ ಬಿಟ್ಟು ನನ್ನ ಮುಖ ನೋಡಿ ಅವರು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಹುಳಿಯಾರು ಬರುವ ಮೊದಲೇ ಮಗು ಕಣ್ಣು ಬಿಟ್ಟು, ರಾಗ ತೆಗೆದು ಅತ್ತಿತು. ಆ ಅಳು ಕೇಳಿ ಟೆಂಪೋ ಓಡಿಸುತ್ತಿದ್ದವರೂ ಕಣ್ಣೊರೆಸಿಕೊಂಡರು.

ಅಲ್ಲಿನ ವೈದ್ಯೆ ನಡುವಯಸ್ಸಿನವರು. ಮಗುವಿನ ಕತ್ತು ಬಗ್ಗಿಸಿ, ಕಿವಿ ಗಂಟಲು ಇಣುಕಿ, ಎದೆ ಕೇಳಿಸಿಕೊಂಡು ತುಂಬ ಹೊತ್ತು ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ನಮ್ಮೆದುರೇ ಕೂತರು.

"ಇದು ನೆಗಡಿಯ ವೈರಸ್ಸಿಂದ ಬಂದ ಜ್ವರ. ಕೆಲವು ಚಿಕ್ಕ ಮಕ್ಕಳಿಗೆ ಜ್ವರ ಬಂದಾಗ ಹೀಗೆ ಫಿಟ್ಸ್ ಆಗುತ್ತೆ. ನೋಡೋರಿಗೆ ಜೀವ ಹೋದಂಗೆ ಆಗುತ್ತೆ, ಆದ್ರೆ ಮಗೂಗೆ ಸಾಮಾನ್ಯವಾಗಿ ಏನೂ ತೊಂದರೆ ಉಳಿಯಲ್ಲ. ಐದಾರು ವರ್ಷ ತುಂಬೋ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ನಿಂತೇ ಹೋಗುತ್ತೆ. ನಿಮ್ಮ ಮನೇಲಿ ಚಿಕ್ಕಂದಿನಲ್ಲಿ ಯಾರಿಗಾದ್ರೂ ಹೀಗಾಗಿತ್ತಾ?"

"ನಂಗೆ," ಅಂದರು ಅತ್ತೆ. ಮಗುವಿನ ತಲೆ ಸವರುತ್ತಾ ಮೆಲ್ಲಗೆ, "ನನ್ನಿಂದ ಬಂತೇನೇ ಕೂಸೇ ನಿಂಗೆ?" ಅಂದರು.

"ಮನೆತನದಲ್ಲಿ ಬರೋದುಂಟು. ಅದು ಯಾರ ತಪ್ಪೂ ಅಲ್ಲ." ಮತ್ತೆ ಹೀಗಾದರೆ ಏನು ಮಾಡಬೇಕೆಂದೂ ವೈದ್ಯೆ ಹೇಳಿಕೊಟ್ಟರು. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಬೇಕು. ಬಾಯಿಗೆ ಚಮಚ, ನೀರು, ಬೆರಳು ಏನನ್ನೂ ಹಾಕಬಾರದು. ಹಿಡಿದು ಅದುಮಬಾರದು. ಐದು ನಿಮಿಷವಾದರೂ ನಿಲ್ಲದಿದ್ದರೆ, ಮತ್ತೆ ಮತ್ತೆ ಬಂದರೆ, ಆಮೇಲೂ ಎಚ್ಚರವಾಗದಿದ್ದರೆ ತಕ್ಷಣ ಆಸ್ಪತ್ರೆಗೆ ತರಬೇಕು. ಜ್ವರದ ಔಷಧಿ ಬರೆದುಕೊಟ್ಟು, "ಇದು ಮಗೂಗೆ ಹಾಯೆನಿಸಲಿ ಅಂತ. ಫಿಟ್ಸ್ ತಡೆಯುತ್ತೆ ಅಂತ ಮಾತ್ರ ನಾನು ಹೇಳಲಾರೆ," ಅಂದರು.

ಎದ್ದು ನಿಂತ ಅತ್ತೆ ಬಾಗಿಲ ಹತ್ತಿರ ಹೋಗಿ ತಿರುಗಿದರು. "ನನ್ ತಮ್ಮಂದೂ ಇದೇನಾ ತಾಯೀ? ಅವ್ನು ಹೋಗ್ಬುಟ್ಟ."

ವೈದ್ಯೆ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಈಗ ಹೇಳೋದು ಕಷ್ಟ ಅಮ್ಮಾ. ಬರೀ ಜ್ವರದ ಫಿಟ್ಸಿಂದ ಮಗು ಹೋಗೋದು ತೀರಾ ಅಪರೂಪ. ಮಿದುಳು ಜ್ವರದಂಥದ್ದು ಏನಾದ್ರೂ ಇದ್ದಿರಬಹುದು. ಆಗ ನೋಡೋರು ಯಾರಿದ್ರು?"

"ನಾನಿದ್ದೆ," ಅಂದರು ಅತ್ತೆ. "ನಂಗೆ ಆಗ ಎಂಟೊಂಬತ್ತು ವರ್ಸ."

ಊರಿಗೆ ಹೋಗುವಾಗ ತಮ್ಮನ ಬಗ್ಗೆ ಸ್ವಲ್ಪ ಸ್ವಲ್ಪವೇ ಹೇಳಿದರು. ಕಂದಿಕೆರೆ ಹತ್ತಿರದ ತವರಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗುತ್ತಿದ್ದವರು ಇವರೇ. ಇವರ ಜಡೆ ಹಿಡಿಯದೆ ಅವನಿಗೆ ನಿದ್ದೆ ಬರುತ್ತಿರಲಿಲ್ಲವಂತೆ. ನನ್ನ ಗಂಡನಿಗೂ ಈ ಸಂಗತಿ ಗೊತ್ತಿರಲಿಲ್ಲ.

ಮುಂದಿನ ವರ್ಷ ಮಳೆಗಾಲದಲ್ಲಿ ನಾನು, ಅತ್ತೆ, ಮಗು ಮೂವರು ತಿಪಟೂರಿನಿಂದ ತುರುವೇಕೆರೆಗೆ, ನನ್ನ ತವರಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ಮಗಳಿಗೆ ಹಿಂದಿನ ದಿನದಿಂದ ಮೂಗು ಕಟ್ಟಿತ್ತು. ದಾರಿಯಲ್ಲಿ ಮೈ ಕಾದು, ಮತ್ತೆ ಅದೇ ಆಯಿತು. ಗೊತ್ತಿದ್ದೂ ನಾನು ಮತ್ತೆ ಹೆಸರು ಹಿಡಿದು ಕೂಗತೊಡಗಿದೆ. ಬಸ್ಸಿನಲ್ಲಿ ಗದ್ದಲ. "ಕಬ್ಬಿಣ ಕೊಡ್ರಪ್ಪ ಕೈಗೆ!" "ನೀರ್ ಬುಡಿ ಬಾಯಿಗೆ!"

ಅತ್ತೆ ಎದ್ದು ನಿಂತರು. "ಯಾರೂ ಏನೂ ಬುಡಬ್ಯಾಡಿ. ಹಿಂದಕ್ ಸರೀರಿ, ಗಾಳಿ ಬರ್ಲಿ." ಮಗುವನ್ನು ಸೀಟಿನ ಮೇಲೆ ಮಗ್ಗುಲಾಗಿ ಮಲಗಿಸಿ, ತಲೆಯ ಕೆಳಗೆ ತಮ್ಮ ಅಂಗೈ ಕೊಟ್ಟು, ಕೆಳಗೆ ಮಂಡಿಯೂರಿ ಕೂತರು. "ಬತ್ತೈತೆ, ಹೋಯ್ತೈತೆ. ನಾನ್ ಇಲ್ಲೇ ಇವ್ನಿ ಕಣವ್ವ," ಅಂತ ಮಗುವಿಗೆ ಹೇಳುತ್ತಲೇ ಇದ್ದರು. ಕಂಡಕ್ಟರ್ ಬಸ್ ನಿಲ್ಲಿಸಿದ. ಸ್ವಲ್ಪ ಹೊತ್ತಿಗೆ ಮೈ ಸಡಿಲವಾಗಿ ಮಗು ನಿದ್ದೆ ಹೋಯಿತು. ಒಬ್ಬ ಬಸುರಿ ಹೆಂಗಸು ಹೆದರಿಕೊಂಡು ಕೇಳಿದಳು, "ಏನಜ್ಜಿ ಅದು?" ಅತ್ತೆ ಅವಳ ಪಕ್ಕ ಕೂತು ತುರುವೇಕೆರೆ ಬರುವ ತನಕ ವೈದ್ಯೆ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು. ಇಡೀ ಬಸ್ಸು ಕಿವಿಗೊಟ್ಟಿತ್ತು. ಇಳಿದ ಕೂಡಲೇ ಮಗುವನ್ನು ಡಾಕ್ಟರಿಗೆ ತೋರಿಸಿದೆವು. ಇದೂ ನೆಗಡಿ ಜ್ವರದ್ದೇ ಅಂದರು.

ಆಮೇಲೆ ಇನ್ನೊಂದು ಸಲ ಆಯಿತು, ಅಷ್ಟೇ. ಶಾಲೆಗೆ ಸೇರುವ ಹೊತ್ತಿಗೆ ಪೂರ್ತಿ ನಿಂತಿತು. ಮಗಳಿಗೆ ಅದೊಂದೂ ನೆನಪಿಲ್ಲ. ಹೇಳಿದರೆ ಯಾರದೋ ಕತೆ ಎಂಬಂತೆ ಕೇಳುತ್ತಾಳೆ.

ಅತ್ತೆ ಮಾತ್ರ ಮರೆಯಲಿಲ್ಲ. ಏಳನೇ ಕ್ಲಾಸಿಗೆ ಬಂದ ಮೇಲೂ ಹುಡುಗಿ ಒಂದು ಸೀನು ಸೀನಿದರೆ ಸಾಕು, ಮಧ್ಯಾಹ್ನ ಅವಳು ಜಗಲಿಯಲ್ಲಿ ಒರಗಿದಲ್ಲಿಗೇ ಹೋಗಿ ಪಕ್ಕದಲ್ಲಿ ಮಲಗಿ ಎದೆ ಮೇಲೆ ಕೈ ಇಡುತ್ತಿದ್ದರು.

"ಕೈ ತೆಗಿ ಅಜ್ಜಿ, ಭಾರ," ಅನ್ನುತ್ತಿದ್ದಳು ಅವಳು.

"ಇರ್ಲಿ ಬುಡು," ಅನ್ನುತ್ತಿದ್ದರು ಅತ್ತೆ, ಕಣ್ಣು ಮುಚ್ಚಿಕೊಂಡೇ.